ಲಖ್ದರನ ಶುಕ್ರವಾರ

ಲಖ್ದರ್ ಬಸ್ಸು ಹತ್ತಿದನೆಂದರೆ ಟಿಕೆಟ್ ಕೊಂಡವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಮ್ಮ ಕಸಂತೀನಾದ ಸಿಟಿ ಬಸ್ಸುಗಳಲ್ಲಿ ಇಪ್ಪತ್ತೇಳು ವರ್ಷ ಟಿಕೆಟ್ ತಪಾಸಣೆ ಮಾಡಿದ ಆಸಾಮಿ. ಇಡೀ ಅಲ್ಜೀರಿಯಾದಲ್ಲಿ ನಮ್ಮೂರಿನಷ್ಟು ಸೇತುವೆಗಳಿರುವ ಊರು ಇನ್ನೊಂದಿಲ್ಲ. ಬಸ್ಸು ಸೇತುವೆಯ ಮೇಲೆ ಬಂದಾಗಲೇ ಅವನು ಕಳ್ಳರನ್ನು ಹಿಡಿಯುತ್ತಿದ್ದುದು. ಹುಟ್ಟಿದಾಗಿನಿಂದ ಕಂಡ ಕಣಿವೆಯನ್ನು ಯಾವನಾದರೂ ಹೊಸದಾಗಿ ಕಂಡವನ ಹಾಗೆ ಕಿಟಕಿಯಾಚೆ ನೋಡುತ್ತ ಕುಳಿತನೋ, ಅವನ ಹತ್ತಿರ ಟಿಕೆಟ್ ಇಲ್ಲವೆಂದೇ ಅರ್ಥ. ನೂರಕ್ಕೆ ತೊಂಬತ್ತು ಸಲ ಅವನ ಊಹೆ ನಿಜವಾಗುತ್ತಿತ್ತು. ಉಳಿದ ಹತ್ತು ಸಲ ಪಾಪದವರು ಯಾರೋ ನಿಜವಾಗಿಯೂ ಕಣಿವೆ ನೋಡುತ್ತಿರುತ್ತಿದ್ದರು. ಆ ಹತ್ತು ಜನರ ಬಗ್ಗೆ ಲಖ್ದರ್ ತಲೆ ಕೆಡಿಸಿಕೊಂಡವನಲ್ಲ.

ಕಸುಬಿನ ಬುದ್ಧಿ ಬಸ್ಸಿನಲ್ಲೇ ಇಳಿದುಹೋಗುವಂಥದ್ದಲ್ಲ. ಕಸಾಯಿ ಅಂಗಡಿಯಲ್ಲಿ ಅವನ ಕಣ್ಣು ಮಾಂಸದ ಮೇಲಲ್ಲ, ತಕ್ಕಡಿಯ ಹತ್ತಿರ ಸುಳಿಯುವ ಕಟುಕನ ಹೆಬ್ಬೆರಳಿನ ಮೇಲಿರುತ್ತಿತ್ತು. ಒಬ್ಬ ಡಾಕ್ಟರು ಬರೆದ ಮಾತ್ರೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿಯೇ ನುಂಗುತ್ತಿದ್ದ. ಹೆಂಡತಿ ಫತೀಹಾ ಇದನ್ನೆಲ್ಲ ನೋಡಿ ನಗುತ್ತಿದ್ದಳು. "ಮದುವೆ ದಿನ ನನ್ನ ಹೆಸರನ್ನ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ ಗಂಡಸು ಇವ್ರು," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗೆ ನಗುವವಳು ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಮಕ್ಕಳಿರಲಿಲ್ಲ. ನಗುವವರು ಯಾರೂ ಇಲ್ಲದ ಮೇಲೆ ಅವನ ಅನುಮಾನಕ್ಕೆ ಲಗಾಮೂ ಇಲ್ಲದಂತಾಯಿತು.

ವಾರದ ದಿನಗಳು ಹೇಗೋ ಬಸ್ಸಿನಲ್ಲೇ ಸವೆದುಹೋಗುತ್ತಿದ್ದವು. ಶುಕ್ರವಾರ ಮಾತ್ರ ಬೆಟ್ಟದಷ್ಟು ಉದ್ದ. ಆ ದಿನ ಊರಿಗೆ ಊರೇ ಜುಮ್ಮಾ ನಮಾಜು ಮುಗಿಸಿ ಮನೆಗೆ ಓಡುತ್ತದೆ, ಹಬೆಯಲ್ಲಿ ಬೆಂದ ಗೋಧಿರವೆಯ ಕುಸ್ಕುಸ್ ತುಂಬಿದ ದೊಡ್ಡ ತಟ್ಟೆಯ ಸುತ್ತ ಕೂರುತ್ತದೆ. ಅಂಗಡಿ ಮುಚ್ಚಿರುತ್ತದೆ, ಹೋಟೆಲು ಮುಚ್ಚಿರುತ್ತದೆ. ಒಂಟಿ ಗಂಡಸು ಎಲ್ಲಿಗೆ ಹೋಗಬೇಕು? ಲಖ್ದರ್ ಅಮ್ಮನನ್ನು ತಿರುಗಾಡಿಸಲು ಶುರುಮಾಡಿದ.

ಅಮ್ಮ ಯಾಮಿನಾಗೆ ಎಪ್ಪತ್ತೊಂಬತ್ತು. ಕಿರಿಮಗ ರಾಬಹ್‌ನ ಜೊತೆ ಕುದ್ಯಾ ಬಡಾವಣೆಯ ಹಳೆಯ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ಇದ್ದಳು. ಲಿಫ್ಟಿನ ಕಬ್ಬಿಣದ ಪಂಜರವೇನೋ ಇತ್ತು. ಅದರೊಳಗೆ ಲಿಫ್ಟು ಓಡಿದ್ದನ್ನು ಕಂಡವರು ಯಾರೂ ಉಳಿದಿರಲಿಲ್ಲ. ರಾಬಹ್‌ಗೆ ದೂರದ ಮರುಭೂಮಿಯ ತೈಲಬಾವಿಯಲ್ಲಿ ಕೆಲಸ, ನಾಲ್ಕು ವಾರ ಅಲ್ಲಿ, ನಾಲ್ಕು ವಾರ ಮನೆಯಲ್ಲಿ. ಅವನು ಊರಲ್ಲಿದ್ದಾಗ ಶುಕ್ರವಾರ ಎಲ್ಲರೂ ಮೇಲೆಯೇ ಒಟ್ಟಿಗೆ ಉಣ್ಣುತ್ತಿದ್ದರು. ಅವನಿಲ್ಲದ ಶುಕ್ರವಾರಗಳು ತಿರುಗಾಟದವು. ಆಗ ಮನೆಯಲ್ಲಿ ತಮ್ಮನ ಹೆಂಡತಿ ನವ್ವಾರಾ ಮತ್ತು ಎರಡು ಪುಟ್ಟ ಹೆಣ್ಣುಮಕ್ಕಳು ಮಾತ್ರ. "ತಮ್ಮ ಇಲ್ಲದಾಗ ನೀನು ಮೇಲೆ ಹತ್ತಿ ಬರೋದು ಬೇಡ ಮಗಾ. ಕಟ್ಟಡದವರ ಬಾಯಿ ಸರಿಯಿಲ್ಲ. ಕೆಳಗೆ ಹಾರನ್ ಮಾಡು, ನಾನೇ ಬರ್ತೀನಿ," ಎಂದು ಯಾಮಿನಾಳೇ ಕಟ್ಟಪ್ಪಣೆ ಮಾಡಿದ್ದಳು. ಇದು ಮರ್ಯಾದೆಯ ಮಾತು, ಲಖ್ದರ್ ಒಪ್ಪಿಕೊಂಡ.

ಮೂರು ಗಂಟೆಗೆ ಅವನ ಹಳೆಯ ಕಾರು ಬಂದು ನಿಲ್ಲುವ ಹೊತ್ತಿಗೆ ಯಾಮಿನಾ ಕಪ್ಪು ಮಲಾಯಾ ಹೊದ್ದು, ಕಟ್ಟಡದ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದಳು. ಅಡಿಯಿಂದ ಮುಡಿಯವರೆಗೆ ಮುಚ್ಚುವ ಆ ಕಪ್ಪು ಬಟ್ಟೆಯನ್ನು ಈಗಿನ ಹೆಂಗಸರು ಬಿಟ್ಟಾಯಿತು, ಅವಳು ಬಿಟ್ಟಿರಲಿಲ್ಲ. ಒಂದು ವಾರ ಕಣಿವೆಯ ಮೇಲೆ ತಂತಿಗೆ ಜೋತು ಸಾಗುವ ತೂಗುಡಬ್ಬಿ, ಒಂದು ವಾರ ಬೆಟ್ಟದ ಕೆರೆ, ಒಂದು ವಾರ ಯಾರಾದರೂ ಮುದಿ ಚಿಕ್ಕಮ್ಮನ ಮನೆ. ಸಂಜೆ ಅದೇ ಸ್ಟೂಲಿನ ಮೇಲೆ ತಂದು ಕೂರಿಸಿದರೆ, "ನೀನು ಹೊರಡು, ನವ್ವಾರಾ ಬರ್ತಾಳೆ," ಎಂದು ಕೈಬೀಸುತ್ತಿದ್ದಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೂತೇ ಇರುತ್ತಿದ್ದಳು. ಮಸೀದಿಯಲ್ಲಿ ಜನ ಅವನ ಭುಜ ತಟ್ಟಿ, "ತಾಯಿ ಸೇವೆ ಅಂದ್ರೆ ನಿಂದಪ್ಪಾ," ಎನ್ನುತ್ತಿದ್ದರು. ಲಖ್ದರ್ ಲೋಕದಲ್ಲಿ ಅನುಮಾನಪಡದೆ ಒಪ್ಪಿಕೊಂಡ ಮಾತು ಅದೊಂದೇ ಇರಬೇಕು.

ಹೀಗಿರಲು ಮಾರ್ಚ್ ತಿಂಗಳ ಒಂದು ಶುಕ್ರವಾರ ಕುದ್ಯಾದ ಮಸೀದಿಯಲ್ಲೇ ನಮಾಜು ಮಾಡಿ, ಒಂದೂವರೆಗೇ ಅಮ್ಮನ ಕಟ್ಟಡದ ಮುಂದೆ ಬಂದ. ಕಾರಿನಲ್ಲೇ ಕೂತು ಕಾಯೋಣವೆಂದುಕೊಂಡಿದ್ದ. ನೋಡಿದರೆ ಯಾಮಿನಾ ಆಗಲೇ ಸ್ಟೂಲಿನ ಮೇಲಿದ್ದಾಳೆ.

ಐದೂ ಮಹಡಿಗಳ ಕಿಟಕಿಯಿಂದ ಕುಸ್ಕುಸ್‌ನ ಹಬೆ, ಸಾರಿನ ಘಮ. ನಮ್ಮಲ್ಲಿ ಶುಕ್ರವಾರದ ತಟ್ಟೆಗೆ ಸಾರು ಹೊಯ್ಯುವ ಕೈ ಮನೆಯ ಹಿರಿಯ ಹೆಂಗಸಿನದು. ಅವಳು ಹೊಯ್ಯದೆ ಯಾರೂ ಚಮಚ ಎತ್ತುವುದಿಲ್ಲ. ಅಂಥ ಹೊತ್ತಿನಲ್ಲಿ ಆ ಹಿರಿಯಳು ಬೀದಿಬಾಗಿಲಲ್ಲಿ ಒಬ್ಬಳೇ ಕುಳಿತಿದ್ದರೆ ಏನರ್ಥ? ಲಖ್ದರನೇ ಬೇಕಿಲ್ಲ, ನಮ್ಮೂರಿನ ಯಾರನ್ನು ಕೇಳಿದರೂ ಒಂದೇ ಉತ್ತರ. ಸೊಸೆ ಆಚೆ ಹಾಕಿದ್ದಾಳೆ.

"ಯಮ್ಮಾ, ಊಟ ಆಯ್ತಾ?"

"ಆಯ್ತು ಮಗಾ."

"ಇಷ್ಟು ಬೇಗ? ಏನಿತ್ತು?"

"ಶುಕ್ರವಾರ ಕುಸ್ಕುಸ್ ಅಲ್ದೆ ಇನ್ನೇನಿರುತ್ತೆ? ಇದೇನು ಬಸ್ಸಾ, ಹತ್ತೋಕೆ ಮುಂಚೆನೇ ಶುರುಮಾಡ್ದೆ?"

ಲಖ್ದರ್ ಅವಳ ತುಟಿ ನೋಡಿದ. ಎಣ್ಣೆಯ ಪಸೆಯಿಲ್ಲ. ಬೆಟ್ಟದ ಕೆರೆಯ ದಂಡೆಯಲ್ಲಿ ಮೊಟ್ಟೆ, ರೊಟ್ಟಿ ಕೊಟ್ಟರೆ ಕೊನೆಯ ಚೂರನ್ನೂ ಬಿಡದೆ ತಿಂದಳು. ಊಟ ಆಗಿಲ್ಲವೆಂಬುದು ಅವನಿಗೆ ಖಾತ್ರಿಯಾಯಿತು.

ಒಂದು ಸಲ ಎಳೆ ಸಿಕ್ಕಿದರೆ ಅವನಂಥವನು ಬಿಡುತ್ತಾನೆಯೇ? ಮುಂದಿನ ವಾರ ಕಾರು ಹತ್ತುವಾಗ ಮಲಾಯಾದ ಹಿಂಭಾಗ ಕಂಡಿತು. ಕಪ್ಪು ಬಟ್ಟೆಯ ಮೇಲೆ ಅಗಲಕ್ಕೂ ಬಿಳಿ ಧೂಳು. ಸೊಸೆ ನೆಲದ ಮೇಲೆ ಕೂರಿಸುತ್ತಾಳೆ, ಒಂದು ಚಾಪೆಯನ್ನೂ ಹಾಸುವುದಿಲ್ಲ. ಅಂಗೈ ನೋಡಿದರೆ ಕೆಂಪಗೆ ಕಂದಿದೆ. ಈ ವಯಸ್ಸಿನಲ್ಲಿ ಬಟ್ಟೆ ಒಗೆಸುತ್ತಿದ್ದಾಳೆ. ಶನಿವಾರ ಬೆಳಿಗ್ಗೆ ಫೋನ್ ಮಾಡಿದರೆ ಎತ್ತುವವಳು ನವ್ವಾರಾ.

"ಮಲಗಿದಾರೆ, ಸೀ ಲಖ್ದರ್." ಗಂಡನ ಅಣ್ಣನನ್ನು ಅವಳು ಗೌರವದ ಆ 'ಸೀ' ಸೇರಿಸದೆ ಯಾವತ್ತೂ ಕರೆದವಳಲ್ಲ.

"ಹನ್ನೊಂದು ಗಂಟೆಗೆ?"

"ಹೌದು, ಮಲಗಿದಾರೆ."

ಮಧ್ಯಾಹ್ನ ಮಾಡಿದರೂ ಮಲಗಿದಾರೆ. ಸಂಜೆ ಮಾಡಿದರೂ ಮಲಗಿದಾರೆ. ಬೆಳಗಿನ ಬಾಂಗಿಗಿಂತ ಮುಂಚೆ ಏಳುವ ನನ್ನಮ್ಮ ಶನಿವಾರ ಮಾತ್ರ ಇಡೀ ದಿನ ಮಲಗುತ್ತಾಳಂತೆ. ಫೋನ್ ಕೊಡದೆ ಬಾಯಿ ಮುಚ್ಚಿಸುತ್ತಿದ್ದಾಳೆ ಎಂದು ಅವನು ಹಲ್ಲು ಕಡಿದ. ಮಾರನೆಯ ವಾರ ಅಮ್ಮನ ಚೀಲ ಕೊಡಲು ಬಾಗಿಲವರೆಗೆ ಬಂದ ನವ್ವಾರಾಳ ಕೈಗಳನ್ನು ದುರುಗುಟ್ಟಿ ನೋಡಿದ. ಅವಳು ಕೈಗಳನ್ನು ತಲೆವಸ್ತ್ರದ ಸೆರಗಿನಲ್ಲಿ ಮುಚ್ಚಿಕೊಂಡಳು. ಅದೂ ಅವನ ಅನುಮಾನಕ್ಕೆ ಸಾಕ್ಷಿಯಾಯಿತು.

ಆ ದಿನ ತೂಗುಡಬ್ಬಿಯಲ್ಲಿ ಇಬ್ಬರೇ ಕುಳಿತಿದ್ದಾಗ ಕೇಳಿಯೇಬಿಟ್ಟ.

"ನವ್ವಾರಾ ಹೇಗೆ ನೋಡ್ಕೊಳ್ತಾಳೆ ಯಮ್ಮಾ?"

"ಕಣ್ಣಿಂದ ನೋಡ್ತಾಳೆ."

"ತಮಾಷೆ ಬೇಡ. ಏನಾದ್ರೂ ಇದ್ರೆ ಹೇಳು. ನಾನಿದೀನಿ."

"ನೀನಿದೀಯ, ಅದೇ ಯೋಚನೆ," ಎಂದು ಯಾಮಿನಾ ಕಿಟಕಿಯ ಕಡೆ ತಿರುಗಿದಳು. ಹತ್ತಿರ ಹತ್ತಿರ ಎಂಬತ್ತು ವರ್ಷ ಆ ಕಣಿವೆಯ ಮಗ್ಗುಲಲ್ಲೇ ಬದುಕಿದ ಮುದುಕಿ ಅದನ್ನು ಹೊಸದಾಗಿ ಕಂಡವಳ ಹಾಗೆ ನೋಡತೊಡಗಿದಳು. ಲಖ್ದರನಿಗೆ ಅಮ್ಮ ಏನೋ ಮುಚ್ಚಿಡುತ್ತಿದ್ದಾಳೆ ಎಂಬುದರಲ್ಲಿ ಇನ್ನು ಅನುಮಾನವೇ ಉಳಿಯಲಿಲ್ಲ.

ಅವನು ತೀರ್ಮಾನಿಸಿಬಿಟ್ಟ. ಅಮ್ಮನನ್ನು ತನ್ನ ಮನೆಗೆ ತಂದಿಟ್ಟುಕೊಳ್ಳುವುದು. ತಮ್ಮನ ಜೊತೆ ಮಾತು ಮುರಿದರೆ ಮುರಿಯಲಿ, ಆ ಹೆಂಗಸಿನ ಸಂಸಾರ ಹಾಳಾದರೆ ಹಾಳಾಗಲಿ. ಫತೀಹಾ ಹೋದಾಗಿನಿಂದ ಮುಟ್ಟದ ಅವಳ ಹೊಲಿಗೆಯಂತ್ರವನ್ನು ಎತ್ತಿ ಪಡಸಾಲೆಗೆ ಸಾಗಿಸಿದ, ಆ ಕೋಣೆಗೆ ಮಂಚ ತರಿಸಿದ. ಇನ್ನು ಬೇಕಾದ್ದು ಒಂದೇ. ಕಣ್ಣಾರೆ ಹಿಡಿಯಬೇಕು. ಹಿಡಿಯದೆ ಆಪಾದನೆ ಹೊರಿಸಿದವನಲ್ಲ ಅವನು, ಆ ಮಟ್ಟಿಗೆ ನ್ಯಾಯವಂತ.

ಏಪ್ರಿಲ್‌ನ ಎರಡನೆಯ ಶುಕ್ರವಾರ ಲಖ್ದರ್ ಹುಷಾರಿದ್ದೂ ಜುಮ್ಮಾ ತಪ್ಪಿಸಿದ. ಬುದ್ಧಿ ಬಂದಮೇಲೆ ಹಾಗೆ ಮಾಡಿದ್ದು ಅದೇ ಮೊದಲು. ಊರೆಲ್ಲ ಮಸೀದಿಯಲ್ಲಿರುವಾಗ ಕಾರನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ ಕಟ್ಟಡದೊಳಗೆ ನುಗ್ಗಿದ, ಲಿಫ್ಟಿನ ಪಂಜರದ ಹಿಂದೆ ನಿಂತ. ಬಾಗಿಲ ಹತ್ತಿರ ಸ್ಟೂಲು ಆಗಲೇ ಬಂದು ಕೂತಿತ್ತು.

ಮೇಲಿನಿಂದ ಧಪ್ ಎಂದು ಶಬ್ದ. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಧಪ್. ನಡುನಡುವೆ ನರಳಿದಂತೆ ಒಂದು ದನಿ. ಲಖ್ದರ್ ಪಂಜರದ ಸರಳುಗಳ ಸಂದಿಯಿಂದ ಕತ್ತೆತ್ತಿ ನೋಡಿದ. ಎರಡನೆಯ ಮಹಡಿಯ ತಿರುವಿನಲ್ಲಿ ಅವನ ತಾಯಿ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದಾಳೆ. ಒಂದು ಮೆಟ್ಟಿಲು ಕೆಳಗೆ, ಅವನಿಗೆ ಬೆನ್ನು ಮಾಡಿ ನವ್ವಾರಾ. ಎರಡೂ ಕೈಯಲ್ಲಿ ಅತ್ತೆಯ ಎರಡೂ ಕಾಲು ಹಿಡಿದು ಎಳೆಯುತ್ತಿದ್ದಾಳೆ.

ಲಖ್ದರ್ ಪಂಜರ ಸುತ್ತಿ ಬಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಅಷ್ಟರಲ್ಲಿ ನವ್ವಾರಾಳ ದನಿ ಕೇಳಿಸಿತು.

"ಎಡಗಾಲು ಸಡಿಲ ಬಿಡಿ ಯಮ್ಮಾ. ನಾನು ಹಿಡ್ಕೊಂಡಿದೀನಿ. ಹಾಂ, ಈಗ ಕೂತ್ಕೊಂಡೇ ಜಾರಿ."

ಧಪ್.

"ಯಾ ರಬ್ಬೀ," ಎಂದು ಯಾಮಿನಾ ಉಸಿರುಬಿಟ್ಟಳು. "ಇನ್ನೆಷ್ಟಿದೆ?"

"ಮೂವತ್ತಾರು. ಇವತ್ತಾದ್ರೂ ಬರಲ್ಲ ಅನ್ನಿ ಅವರಿಗೆ. ನಿಮಗೆ ಈ ಮಂಡಿಯಲ್ಲಿ ಕೆರೆಯೂ ಬೇಡ, ಕಣಿವೆಯೂ ಬೇಡ. ಶುಕ್ರವಾರ ತಟ್ಟೆಗೆ ಸಾರು ಹೊಯ್ಯೋಕೆ ನೀವಿಲ್ಲ, ಮಕ್ಕಳು ಅಜ್ಜಿ ಎಲ್ಲಿ ಅಂತಾವೆ."

"ಮಕ್ಕಳಿಗೆ ನೀನಿದೀಯ. ಅವನಿಗೆ ಯಾರಿದಾರೆ? ಫತೀಹಾ ಹೋದ್ಮೇಲೆ ಶುಕ್ರವಾರ ಅಂದ್ರೆ ಅವನಿಗೆ ಮೈಮೇಲೆ ಬೆಟ್ಟ ಬಿದ್ದ ಹಾಗೆ. ದಿನಕ್ಕೆ ಸಾವಿರ ಜನರ ಮುಖ ನೋಡ್ತಾನೆ, ಒಬ್ಬನಾದ್ರೂ ಮನೆಗೆ ಬಾ ಅಂತಾನಾ? ನಾನು ಬರಲ್ಲ ಅಂದ್ರೆ ಎಲ್ಲಿಗೆ ಹೋಗ್ತಾನೆ ಹೇಳು."

"ನಾಳೆ ಇಡೀ ದಿನ ನೀವು ಹಾಸಿಗೆ ಬಿಟ್ಟು ಏಳಲ್ಲ. ಫೋನಿಗೆ ನಾನು ಮಲಗಿದಾರೆ ಮಲಗಿದಾರೆ ಅಂತ ಗಿಣಿ ಹಾಗೆ ಹೇಳ್ಬೇಕು. ಅವರು ನನ್ನನ್ನ ರಾಕ್ಷಸಿ ಅಂದ್ಕೊಂಡಿದಾರೆ."

"ಅಂದ್ಕೊಳ್ಳಲಿ ಬಿಡು. ಅವನು ಯಾರನ್ನ ಏನು ಅಂದ್ಕೊಂಡಿಲ್ಲ? ನನ್ನ ಮಂಡಿ ಕಥೆ ಗೊತ್ತಾದ್ರೆ ಈ ಕಡೆ ತಲೆ ಹಾಕಲ್ಲ, ಮನೇಲೇ ಒಬ್ನೇ ಕೂತ್ಕೊಂಡು ಗೋಡೆ ನೋಡ್ತಾನೆ. ಹಿಡ್ಕೋ ಕಾಲು."

ಧಪ್.

ಲಖ್ದರ್ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ. ಮೆಟ್ಟಿಲ ಮೇಲೆ ಉದುರಿದ ಸುಣ್ಣ, ಗೋಡೆಯಂಚಿನಲ್ಲಿ ಮಾತ್ರ ಯಾರೋ ಒರೆಸಿಕೊಂಡು ಹೋದ ಹಾಗೆ ಖಾಲಿ. ಮಲಾಯಾಕ್ಕೆ ಹತ್ತಿದ ಧೂಳು ಎಲ್ಲಿಯದೆಂದು, ಅಂಗೈ ಯಾಕೆ ಕಂದಿತ್ತೆಂದು, ಗಂಡಸರೆಲ್ಲ ಮಸೀದಿಯಲ್ಲಿದ್ದು ಮೆಟ್ಟಿಲು ಖಾಲಿಯಿರುವಾಗಲೇ ಅವಳು ಯಾಕೆ ಇಳಿದು ಕೂರುತ್ತಿದ್ದಳೆಂದು, ತಾನು ಹೋಗುವವರೆಗೆ ಯಾಕೆ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲವೆಂದು ಎಲ್ಲ ಅವನಿಗೆ ಒಟ್ಟಿಗೇ ಹೊಳೆಯಿತು. ತಾಯಿಯನ್ನು ತಿರುಗಾಡಿಸುವ ಮಗನೆಂದು ಊರ ತುಂಬ ಮೆರೆದಿದ್ದ. ತಿರುಗಾಡಿಸುತ್ತಿದ್ದವಳು ಅವಳು. ಎಪ್ಪತ್ತೊಂಬತ್ತರ ಮುದುಕಿ ಐದು ಮಹಡಿ ಕೂತುಕೊಂಡೇ ಇಳಿದು, ಕೂತುಕೊಂಡೇ ಹತ್ತಿ, ಐವತ್ತೈದರ ಮಗನಿಗೆ ಹೊತ್ತು ಕಳೆಸುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಸದ್ದಾಗದಂತೆ ಹೊರಗೆ ಬಂದು, ಬಾಗಿಲ ಪಕ್ಕದ ಗೋಡೆಗೆ ಒರಗಿ, ನವ್ವಾರಾಳ ಮೊಬೈಲಿಗೆ ಫೋನ್ ಮಾಡಿದ. ಮೆಟ್ಟಿಲ ಮೇಲೆ ಗಂಟೆ ಬಾರಿಸಿದ್ದು ಅವನಿಗೇ ಕೇಳಿಸಿತು.

"ನವ್ವಾರಾ, ಅಮ್ಮನಿಗೆ ಹೇಳು, ಇವತ್ತು ಬರೋಕಾಗಲ್ಲ. ಊಟಕ್ಕೆ ಕರೆದಿದಾರೆ."

ಅವಳು ಅದನ್ನು ಅತ್ತೆಗೆ ಹೇಳಿದಳು. ಆಮೇಲೆ ಫೋನು ಕೈ ಬದಲಾಯಿತು.

"ಯಾರು ಕರೆದಿರೋದು?" ಯಾಮಿನಾಳ ಪ್ರಶ್ನೆ.

"ಬೂಜಮಾ ಅಂತ, ನಮ್ಮ ಡ್ರೈವರು."

"ಯಾವ ಬೂಜಮಾ? ಯಾವತ್ತೂ ಹೆಸರೇ ಹೇಳಿಲ್ಲ. ಮನೆ ಎಲ್ಲಿ?"

"ಊರಾಚೆ, ಖ್ರೂಬ್‌ನಲ್ಲಿ."

"ಹೆಂಡ್ತಿ ಇದಾಳಾ, ಅಥವಾ ಅವನೂ ನಿನ್ನ ಹಾಗೆ ಡಬ್ಬಿ ಮೀನು ತಿನ್ನೋನಾ?"

"ಹೆಂಡ್ತಿ ಇದಾಳೆ, ನಾಲ್ಕು ಮಕ್ಕಳಿದಾರೆ, ಮನೆ ತುಂಬ ಜನ. ಕುರಿಮಾಂಸದ ಕುಸ್ಕುಸ್ ಅಂತೆ." ಲಖ್ದರ್ ಇನ್ನೂ ಒಂದು ಸೇರಿಸಿದ. "ಇನ್ಮೇಲೆ ಪ್ರತಿ ಶುಕ್ರವಾರ ಬಾ ಅಂತ ಗಂಟುಬಿದ್ದಿದಾನೆ. ಆದ್ರೆ ನಿನಗೆ ತಿರುಗಾಟ ತಪ್ಪುತ್ತೆ, ಬೇಜಾರಾದ್ರೆ ನಾನು..."

"ನನಗ್ಯಾಕೋ ಬೇಜಾರು? ಹೋಗು. ಬರಿಗೈಲಿ ಹೋಗ್ಬೇಡ, ಮಕ್ಕಳಿಗೆ ಸಿಹಿ ಏನಾದ್ರೂ ತಗೊಂಡು ಹೋಗು. ಅಲ್ಲಿ ಹೋಗಿ ಕುರಿ ಎಲ್ಲಿಂದ ತಂದೆ ಅಂತ ವಿಚಾರಣೆ ಮಾಡ್ಬೇಡ, ಕೊಟ್ಟಿದ್ದು ತಿನ್ನು."

ಫೋನು ಕಟ್ಟಾಯಿತು. ಸುಳ್ಳು ಹೇಳುವವರನ್ನು ಇಪ್ಪತ್ತೇಳು ವರ್ಷ ಹಿಡಿದವನು ತಾನೇ ಹೇಳಿದ ಸುಳ್ಳು ನಿಂತಿತೋ ಬಿತ್ತೋ ಎಂದು ಕಿವಿಗೊಟ್ಟು ನಿಂತ. ಒಳಗಿನಿಂದ ಯಾಮಿನಾಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಅಲ್‌ಹಮ್ದುಲಿಲ್ಲಾ. ನವ್ವಾರಾ, ಅವನಿಗೆ ಜನ ಸಿಕ್ಕಿದ್ರು ಕಣೇ. ಏಳು, ನನ್ನ ಮೇಲಕ್ಕೆ ಕರ್ಕೊಂಡು ಹೋಗು. ಸಾರು ಹೊಯ್ಯೋಣ."

ಆ ದನಿಯಲ್ಲಿದ್ದ ನಿರಾಳವನ್ನು ಕೇಳಿ ಲಖ್ದರನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಹೋಗಲು ಜಾಗವಿರಲಿಲ್ಲ. ಕಾರಿನತ್ತ ನಾಲ್ಕು ಹೆಜ್ಜೆ ಹಾಕಿ ವಾಪಸು ಬಂದ. ಮೇಲಿನ ಧಪ್ ಧಪ್ ನಿಲ್ಲುವವರೆಗೆ ಕಾದು, ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಸೀದಿಯಿಂದ ಬಂದ ಗಂಡಸರು ಅವನನ್ನು ದಾಟಿಕೊಂಡು ತಮ್ಮ ತಮ್ಮ ಮನೆ ಸೇರಿದರು. ಒಬ್ಬೊಬ್ಬರ ಹಿಂದೆಯೂ ಬಾಗಿಲು ಮುಚ್ಚಿಕೊಂಡಿತು.

ಸ್ಟೂಲು ಒಯ್ಯಲು ನವ್ವಾರಾ ಇಳಿದು ಬಂದಾಗ ಎರಡೂವರೆ. ಅವನನ್ನು ಕಂಡು ಕೊನೆಯ ತಿರುವಿನಲ್ಲೇ ನಿಂತಳು.

"ಬೂಜಮಾನ ಮನೆ ಇಷ್ಟು ಹತ್ತಿರ ಅಂತ ಗೊತ್ತಿರ್ಲಿಲ್ಲ, ಸೀ ಲಖ್ದರ್."

ಅವನು ಎದ್ದು ನಿಂತ. "ನಿನ್ನ ಬಗ್ಗೆ ನಾನು ಏನೇನೋ ಅಂದ್ಕೊಂಡಿದ್ದೆ ತಾಯೀ," ಎಂದ.

"ಗೊತ್ತು. ಹೋದ ವಾರ ನನ್ನ ಕೈ ನೋಡಿದ್ರಲ್ಲ, ಹರಿದ ಟಿಕೆಟ್ ನೋಡೋ ಹಾಗೆ." ಅವಳು ಸೆರಗಿನಿಂದ ಕೈ ಹೊರಗೆ ತೆಗೆದಳು. ಬೆರಳುಗಂಟುಗಳ ಮೇಲೆಲ್ಲ ಗೋಡೆ ತರಚಿದ ಗಾಯ. "ಅವರ ಭಾರಕ್ಕೆ ನಾವಿಬ್ಬರೂ ಗೋಡೆಗೆ ಒತ್ತಿಕೊಳ್ತೀವಿ, ಅದಕ್ಕೆ."

ಅವನು ತಲೆ ತಗ್ಗಿಸಿದ.

"ಊಟ ಆಗಿಲ್ಲ ತಾನೆ? ಬನ್ನಿ. ಅವರು ಉಂಡು ಮಾತ್ರೆ ತಗೊಂಡು ಮಲಗಿದಾರೆ."

"ರಾಬಹ್ ಇಲ್ಲ."

"ಬಾಗಿಲು ಪೂರ್ತಿ ತೆಗೆದಿಟ್ಟಿರ್ತೀನಿ, ನೋಡೋರು ನೋಡ್ಕೊಳ್ಳಲಿ. ಶೂ ಕೈಯಲ್ಲಿ ಹಿಡ್ಕೊಳ್ಳಿ. ನೀವು ಬಂದದ್ದು ತಿಳಿದ್ರೆ ಎದ್ದು ಮಲಾಯಾ ಕೇಳ್ತಾರೆ."

ಲಖ್ದರ್ ಐದು ಮಹಡಿಯನ್ನು ಬರಿಗಾಲಲ್ಲಿ, ಕಳ್ಳನ ಹಾಗೆ ಹತ್ತಿದ. ಅಡುಗೆಮನೆಯ ಗಿಡ್ಡ ಮೇಜಿನ ಮುಂದೆ ಅವನನ್ನು ಕೂರಿಸಿ ನವ್ವಾರಾ ತಟ್ಟೆಯಿಟ್ಟಳು, ಕುಸ್ಕುಸ್ ಮೇಲೆ ಕಡಲೆ, ಕುಂಬಳದ ಹೋಳು, ಒಂದು ತುಂಡು ಮಾಂಸ. ಹೆಣ್ಣುಮಕ್ಕಳಿಬ್ಬರೂ ದೊಡ್ಡಪ್ಪನನ್ನು ಕಣ್ಣರಳಿಸಿ ನೋಡಿ, ಅಮ್ಮ ತುಟಿಯ ಮೇಲೆ ಬೆರಳಿಟ್ಟದ್ದು ಕಂಡು ತಾವೂ ಬೆರಳಿಟ್ಟುಕೊಂಡವು. ತೆಳು ಗೋಡೆಯಾಚೆಯಿಂದ ಗೊರಕೆ ಕೇಳುತ್ತಿತ್ತು. ಅಷ್ಟು ವರ್ಷದಲ್ಲಿ ಅಮ್ಮನ ಪಕ್ಕದಲ್ಲಿ ಅವನು ಇಷ್ಟು ಸುಮ್ಮನೆ ಕೂತದ್ದೇ ಇರಲಿಲ್ಲ.

ನಾಲ್ಕು ತುತ್ತು ತಿಂದಿರಬೇಕು, ಗೊರಕೆ ನಿಂತಿತು.

"ನವ್ವಾರಾ, ಯಾರೇ ಅದು ಬಂದಿರೋದು?"

"ಯಾರೂ ಇಲ್ಲ ಯಮ್ಮಾ. ನಾನೇ ಪಾತ್ರೆ ತೆಗೀತಿದೀನಿ."

ಮಂಚ ಕಿರುಗುಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ದನಿ ಬಂತು, ಅರೆನಿದ್ದೆಯದು.

"ಆ ಹುಡುಗ ಊಟ ಮಾಡಿದ್ನೋ ಏನೋ."

ನವ್ವಾರಾ ಅವನ ತಟ್ಟೆ ನೋಡಿದಳು. "ಮಾಡ್ತಾ ಇರ್ತಾರೆ ಯಮ್ಮಾ. ಈ ಹೊತ್ತಿಗೆ ಮಾಡ್ತಾ ಇರ್ತಾರೆ. ನೀವು ಮಲಗಿ."

ಲಖ್ದರ್ ಚಮಚ ತಟ್ಟೆಗೆ ತಾಗದಂತೆ ಹಿಡಿದುಕೊಂಡು ಇನ್ನೊಂದು ತುತ್ತು ತಿಂದ.